ಒಲೆಗೆ ಎರಡು ಮೊಳ ಈಚೆ

ಮಗಳ ಫ್ರಾಕನ್ನು ಎರಡು ಸಲ ಒಗೆದರೂ ಹೊಗೆಸೊಪ್ಪಿನ ಘಾಟು ಹೋಗಿಲ್ಲ. ಆ ಘಾಟು ಮೂಗಿಗೆ ಬಡಿದರೆ ನನಗೆ ಒಂದು ಕಂಬ ನೆನಪಾಗುತ್ತದೆ. ಮೊದಲೇ ಹೇಳಿಬಿಡುತ್ತೇನೆ, ಕೆಲವು ವಿವರ ತಪ್ಪಿರಬಹುದು. ಆಗಿನ ಕಂಬ ಕಲ್ಲಿನದೋ ಮರದ್ದೋ ನೆನಪಿಲ್ಲ. ನನ್ನನ್ನು ಅದಕ್ಕೆ ಕಟ್ಟಿಹಾಕುತ್ತಿದ್ದರು ಎಂಬುದಷ್ಟೇ ಖಚಿತ.

ಗಾಬರಿಯಾಗಬೇಡಿ. ಹ್ಯಾಂಡ್‌ಪೋಸ್ಟ್ ಎಂಬ ಕೂಡುರಸ್ತೆಯಿಂದ ಒಳಗಿರುವ ನಮ್ಮೂರಲ್ಲಿ ಮಕ್ಕಳು ಬೆಳೆದದ್ದೇ ಹಾಗೆ. ಹೊಗೆಸೊಪ್ಪನ್ನು ಶಾಖದಲ್ಲಿ ಹದ ಮಾಡುವ ಬ್ಯಾರನ್ ಮನೆಯ ಮುಂದಿನ ಚಪ್ಪರದಲ್ಲಿ ಹೆಂಗಸರು ಹಸಿ ಸೊಪ್ಪನ್ನು ಕಡ್ಡಿಗೆ ಕಟ್ಟುತ್ತ ಕೂರುತ್ತಿದ್ದರು. ಪಕ್ಕದಲ್ಲೇ ಉರಿಯುವ ಒಲೆಯ ಬಾಯಿ. ಅವ್ವ ಹಳೆ ಸೀರೆಯ ಒಂದು ತುದಿಯನ್ನು ನನ್ನ ಸೊಂಟಕ್ಕೆ, ಇನ್ನೊಂದನ್ನು ಕಂಬಕ್ಕೆ ಕಟ್ಟಿ, ಕೈ ಚಾಚಿಸಿ ನೋಡಿ, ಒಲೆಗೆ ಎರಡು ಮೊಳ ಈಚೆಗೇ ನಿಲ್ಲುವಂತೆ ಗಂಟು ಬಿಗಿಯುತ್ತಿದ್ದಳು. ಮಗುವಿನ ಎಲ್ಲೆ ಸ್ಪಷ್ಟವಾಗಿರಬೇಕು ಎಂದು ನಾನು ಈಗ ಮಕ್ಕಳ ಪಾಲನೆಯ ಆನ್‌ಲೈನ್ ತರಗತಿಯಲ್ಲಿ ಕಲಿಯುತ್ತಿದ್ದೇನೆ. ಕೊನೆಗೆ ಸರ್ಟಿಫಿಕೇಟನ್ನೂ ಕೊಡುತ್ತಾರಂತೆ.

ಕಟ್ಟಿಹಾಕಿದಾಗ ಬಿಕ್ಕಿ ಬಿಕ್ಕಿ ಅಳುತ್ತಿದ್ದೆ, ಅವ್ವ ಒಂದು ದಿನವೂ ಮೆತ್ತಗೆ ಮಾತಾಡಿಸಲಿಲ್ಲ ಎಂದು ನನ್ನ ಡೈರಿಯಲ್ಲಿದೆ. ಬರೆದದ್ದು ಎಂ.ಎ. ಓದುವಾಗ, ಮನಶ್ಶಾಸ್ತ್ರದ ಪುಸ್ತಕವೊಂದನ್ನು ಮುಗಿಸಿದ ವಾರ. ಹಾಗಾಗಿ ಆ ಅಳು ನನ್ನದೋ ಪುಸ್ತಕದ್ದೋ ಹೇಳಲಾರೆ. ಆದರೂ ನನ್ನ ಮಗಳು ಮುಂದೆ ಹಾಗೆ ಬರೆಯುವಂತಾಗಬಾರದು ಎಂಬುದೇ ನನ್ನ ಹಟ.

ಈಚೆಗೆ ಕೆಲಸದ ಮೇಲೆ ಬೇರೆ ಊರಿಗೆ ಹೊರಡಬೇಕಾಗಿ, ನಾಲ್ಕು ವರ್ಷದ ಅವಳನ್ನು ಹತ್ತು ದಿನ ಅವ್ವನ ಬಳಿ ಬಿಡಲು ಹೋದೆ. ಜೊತೆಗೊಂದು ಪಟ್ಟಿ ಒಯ್ದಿದ್ದೆ. ಗದರಬಾರದು. ಗುಮ್ಮನನ್ನು ಕರೆಯಬಾರದು. 'ಬೇಡ' ಎನ್ನುವ ಬದಲು ಎರಡು ಆಯ್ಕೆ ಕೊಡಬೇಕು. ಅತ್ತರೆ ಏನನ್ನಿಸಿತು ಎಂದು ಕೇಳಬೇಕು.

"ಇಷ್ಟೇಯಾ, ಇನ್ನೂ ಐತಾ?" ಎಂದಳು ಚಪ್ಪರದಲ್ಲಿ ಕೂತಿದ್ದ ಅವ್ವ. "ಹಸ ಮಾರ್ದೋರೂ ಇಷ್ಟು ಯೋಳಿ ಓಗಲ್ಲ ಕಣವ್ವ."

ಫೋನ್ ಬಂತೆಂದು ರಸ್ತೆಗೆ ಹೋಗಿ ಮಾತಾಡಿ ಬರುವಷ್ಟರಲ್ಲಿ ಮಗಳು ಚಪ್ಪರದ ಕಂಬಕ್ಕೆ ಕಟ್ಟಿಸಿಕೊಂಡು ನಿಂತಿದ್ದಳು.

"ಅವ್ವಾ! ಏನಿದು? ನಾನು ಬಡ್ಕಂಡಿದ್ದೇನು?"

"ನೀ ಯೋಳ್ದಂಗೇ ಮಾಡಿವ್ನಿ ಕಣೆ. ಕೆಂಪು ಸೀರೇಲಿ ಕಟ್ಲಾ ಕೂಸೆ, ಹಸ್ರು ಸೀರೇಲಿ ಕಟ್ಲಾ ಅಂತ ಕೇಳ್ದೆ. ಹಸ್ರು ಅಂದ್ಲು. ಬೇಕಾರೆ ಅವಳ್ನೇ ಕೇಳು."

ಸೊಪ್ಪು ಕಟ್ಟುತ್ತಿದ್ದ ಹೆಂಗಸರೆಲ್ಲ ಘೊಳ್ಳೆಂದರು.

"ಅಮ್ಮಾ, ನಾನು ಮೇಕೆಮರಿ!" ಎಂದಳು ಮಗಳು.

ನಾನು ತರಗತಿಯಲ್ಲಿ ಕಲಿಸಿದಂತೆ ಮಂಡಿಯೂರಿ, ಅವಳ ಕಣ್ಣಿಗೆ ಕಣ್ಣು ಕೂಡಿಸಿ, ಗಂಟು ಬಿಚ್ಚುತ್ತ, ಬೆಂಕಿಯ ಗುಣಸ್ವಭಾವವನ್ನು ವಿವರಿಸತೊಡಗಿದೆ. ಎರಡನೆಯ ವಾಕ್ಯದಲ್ಲಿದ್ದೆ. ಮೇಕೆಮರಿ ನೇರ ಒಲೆಯ ಬಾಯಿಗೆ ಓಡಿತು. ಹೇಗೆ ಹಾರಿದೆನೋ, ರಟ್ಟೆ ಹಿಡಿದು ಹಿಂದಕ್ಕೆಳೆದು ಬೆನ್ನಿಗೊಂದು ಬಿಟ್ಟೆ. ಆ ಏಟಿಗೆ ಯಾವ ಆಯ್ಕೆಯನ್ನೂ ಕೊಟ್ಟಿರಲಿಲ್ಲ.

ಮಗಳು ಕಿರುಚುತ್ತ ಅಜ್ಜಿಯ ಮಡಿಲು ಸೇರಿದಳು.

"ನಿನ್ ಪಟ್ಟೀಲಿ ಒಡೀಬೋದು ಅಂತ ಬರ್ದಿತ್ತಾ?" ಎಂದು ಅವ್ವ ನನ್ನನ್ನು ದುರುಗುಟ್ಟಿ ನೋಡಿದಳು. ಆಮೇಲೆ, ಸೊಪ್ಪಿನ ಜಿಗುಟು ತಾಗದ ಹಾಗೆ ಮುಂಗೈಯಿಂದ ಮಗುವಿನ ಕಣ್ಣೊರೆಸಿ, ನಾನು ಕೇಳಿಯೇ ಇರದ ದನಿಯಲ್ಲಿ, "ಬೆದರ್ಕಂಡ್ಯಾ ಕೂಸೆ? ಅಳು, ಅಳು. ನಿಮ್ಮವ್ವಂಗೂ ಜೀವ ಓದಂಗಾಯ್ತು ಕಣ, ಅದ್ಕೇ ಕೈ ಬಂತು. ಬೇಕೂಂತ ಒಡೀಲಿಲ್ಲ" ಎಂದಳು.

ನನ್ನ ತರಗತಿಯ ಆರು ವಾರದ ಪಾಠವನ್ನು ಅವ್ವ ಅಷ್ಟು ಮಾತಿನಲ್ಲೇ ಮುಗಿಸಿದ್ದಳು. ಅಥವಾ ನಾನು ಕೇಳಿಯೇ ಇರದ ದನಿ ಎಂದೆನಲ್ಲ, ಅದು ನಿಜವೇ? ಕಟ್ಟಿದ್ದನ್ನಷ್ಟೇ ನೆನಪಿಟ್ಟುಕೊಂಡು, ಅದರ ಹಿಂದೆ ಬಂದ ಮಾತನ್ನು ಬಿಟ್ಟುಬಿಟ್ಟೆನೇ? ನನ್ನ ಮಗಳು ಈ ದಿನದಲ್ಲಿ ಯಾವುದನ್ನು ಉಳಿಸಿಕೊಳ್ಳುತ್ತಾಳೋ ಯಾರಿಗೆ ಗೊತ್ತು.

ಮಗಳನ್ನು ಅಲ್ಲೇ ಬಿಟ್ಟುಹೋದೆ. ಕಟ್ಟಬೇಡ ಎಂದೂ ಹೇಳಲಿಲ್ಲ. ಹತ್ತು ದಿನದ ಮೇಲೆ ಕರೆದುಕೊಂಡು ಬರುವಾಗ ಅವ್ವನನ್ನು ಒಂದು ಮಾತು ಕೇಳಿದೆ. ಬಸ್ಸು ಬಂತೆಂದು ಅವಳು ಚೀಲ ಎತ್ತಿಕೊಟ್ಟಳು. ಇವತ್ತು ಫೋನ್ ಮಾಡಿ ಮತ್ತೆ ಕೇಳಿದೆ. ಸೊಪ್ಪು ಬಾಡ್ತಾ ಐತೆ ಎಂದು ಇಟ್ಟುಬಿಟ್ಟಳು. ನಾನು ಕೇಳಿದ್ದು ಇಷ್ಟೇ:

"ಅವ್ವ, ನಾನು ಅತ್ತಾಗ ನನ್ನ ಹತ್ರಾನೂ ಹಿಂಗೆ ಮಾತಾಡ್ತಿದ್ಯಾ?"