ಮೋರಟಗಿ ದಾಟೇವ್ರಿ!

ಕಾರಿನ ಬಾನೆಟ್ಟಿನ ಮೇಲೆ ಕಬ್ಬು ಬಿದ್ದಿತ್ತು. ಒಂದಲ್ಲ, ಹದಿನೈದಿಪ್ಪತ್ತು ಗಳ. ಅದರಲ್ಲೊಂದು ಮುಂದಿನ ಗಾಜಿಗೆ ಬಡಿದು, ಗಾಜಿನ ಮೇಲೆ ಜೇಡರ ಬಲೆ ಮೂಡಿತ್ತು. ಆ ಬಲೆಯ ಆಚೆ, ನನ್ನ ಮೂಗಿನ ನೇರಕ್ಕೆ, ಕಬ್ಬು ತುಂಬಿದ ಟ್ರಾಲಿಯೊಂದರ ಬೆನ್ನು.

ಆಮೇಲೆ ಹಿಂದಿನ ಸೀಟಿನಿಂದ ಒಂದು ದನಿ ಬಂತು.

"ದಸ್ತಗೀರಾ, ನನ್ನ ಕಾಡಿಗಿ ಎಲ್ಲಿ ತನಕ ಹೋತೋ?"

ತಿರುಗಿ ನೋಡಿದೆ. ಕಾಡಿಗೆ ಕಣ್ಣಿನಿಂದ ಹೊರಟು ಕಿವಿ ಮುಟ್ಟಿತ್ತು.

ಇದಾಗಿ ಇವತ್ತಿಗೆ ಆರು ದಿನ. ಈಗಲೂ ಅಡುಗೆಮನೆಯಲ್ಲಿ ಮಿಕ್ಸಿ ಸದ್ದು ಮಾಡಿದರೆ ನನ್ನ ಬಲಗಾಲು ತಾನಾಗಿಯೇ ಬ್ರೇಕ್ ಹುಡುಕುತ್ತದೆ. (ಕಾರು ಓಡಿಸಿದವಳು ನಾನಲ್ಲ. ಕಾಲಿಗೆ ಅದು ಗೊತ್ತಿಲ್ಲ.) ಮೊನ್ನೆ ನಮ್ಮ ಅತ್ತೆಯವರು ಪ್ರೀತಿಯಿಂದ ಕಬ್ಬಿನ ಹಾಲು ತರಿಸಿದರು. ಗ್ಲಾಸು ನೋಡಿಯೇ ನಾನು ಎದ್ದು ಹೋದೆ. "ಅಗ್ಗೋಬಾಯಿ! ಕಬ್ಬಿನ ಮ್ಯಾಲೂ ಸಿಟ್ಟೇನ ನಿಂದು?" ಎಂದು ತಾವೇ ಎರಡೂ ಗ್ಲಾಸು ಕುಡಿದರು.

ಮೊದಲಿನಿಂದ ಹೇಳುತ್ತೇನೆ.

ಸಿಂದಗಿಯಲ್ಲಿ ನಮ್ಮ ಹಳೆಯ ವಿದ್ಯಾರ್ಥಿಗಳೆಲ್ಲ ಸೇರಿ ಒಂದು ನಾಟಕ ಹಿಡಿದಿದ್ದರು. ನಿರ್ದೇಶಕರು ನಿವೃತ್ತ ಶಿವಾನಂದ ಮಾಸ್ತರರು. ತಾಯಿಯ ಪಾತ್ರಕ್ಕೆ ಸುನಂದಾಬಾಯಿ. ಸುನಂದಾಬಾಯಿ ಈಗ ಬೆಂಗಳೂರಿನಲ್ಲಿ ಸೀರಿಯಲ್ಲಿನ ಅತ್ತೆ. ವಾರಕ್ಕೆ ಐದು ದಿನ ಸೊಸೆಯನ್ನು ಕಣ್ಣಿನಲ್ಲೇ ಸುಡುವುದು ಕೆಲಸ. ಆದರೆ ಹದಿನೇಳನೆಯ ವಯಸ್ಸಿನಲ್ಲಿ ಆಕೆ ಮೊದಲ ಸಲ ಬಣ್ಣ ಹಚ್ಚಿದ್ದು ಇದೇ ಸಿಂದಗಿಯಲ್ಲಿ, ಒಂದು ನಾಟಕ ಕಂಪನಿಯ ತಗಡಿನ ಥಿಯೇಟರಿನಲ್ಲಿ. ಮಾಸ್ತರರು ಫೋನ್ ಮಾಡಿದಾಗ ಆಕೆ ಕೇಳಿದ್ದು ಒಂದೇ ಮಾತಂತೆ: "ಯಾವತ್ತ ಬರ್ಲಿ?"

ಬೆಳಿಗ್ಗೆ ಶೂಟಿಂಗ್, ಮಧ್ಯಾಹ್ನ ವಿಮಾನ, ಕಲಬುರ್ಗಿಗೆ ಇಳಿದು ಸಂಜೆ ಸಿಂದಗಿ. ಆಕೆಯನ್ನು ಕರೆದುಕೊಂಡು ಬರುವ ಕೆಲಸಕ್ಕೆ ನಾನೇ ಕೈ ಎತ್ತಿದ್ದೆ.

"ಆರೂವರಿಗೆ ಪರದೆ ಏಳತೈತಿ ನೋಡ್ರಿ ಮೇಡಂ," ಎಂದು ಮಾಸ್ತರರು ಮೂರು ಸಲ ಹೇಳಿದ್ದರು. "ನೀವು ಬರಲಿಲ್ಲಂದ್ರ ಸಂಗಣ್ಣ ತಯಾರ್ ಅದಾನ."

ಸಂಗಣ್ಣ ನಮ್ಮ ಡ್ರಾಯಿಂಗ್ ಮಾಸ್ತರ. ಸುನಂದಾಬಾಯಿ ಇಲ್ಲದ ತಾಲೀಮಿನಲ್ಲೆಲ್ಲ ತಾಯಿಯ ಮಾತು ಹೇಳಿ ಹೇಳಿ ಆತನಿಗೆ ಪಾತ್ರ ಬಾಯಿಪಾಠವಾಗಿತ್ತು. ಬಾಯಿಪಾಠವಾದದ್ದು ಆಸೆಯೂ ಆಗಿತ್ತು ಎಂಬುದು ಊರಿಗೆಲ್ಲ ಗೊತ್ತು. ಆ ದಿನ ಮಧ್ಯಾಹ್ನವೇ ಸೀರೆ ಉಟ್ಟು ಕೂತಿದ್ದಾನೆ ಎಂಬ ಸುದ್ದಿ ನನಗೆ ಏರ್‌ಪೋರ್ಟಿಗೇ ಬಂತು. ವಿಮಾನ ಮುಕ್ಕಾಲು ಗಂಟೆ ತಡ ಎಂಬ ಸುದ್ದಿಯೂ ಜೊತೆಗೇ ಬಂತು.

ಸುನಂದಾಬಾಯಿ ಹೊರಗೆ ಬಂದಾಗ ಸರಿಯಾಗಿ ನಾಲ್ಕೂವರೆ. ಸಂಗಣ್ಣನ ಸೀರೆಯ ವಿಷಯ ಹೇಳಿದೆ. ಆಕೆ ಬ್ಯಾಗನ್ನು ಡಿಕ್ಕಿಗೆ ಎಸೆದರು.

"ನನ್ನ ಪಾರ್ಟ ಮೀಸಿ ಮಾಸ್ತರ ಮಾಡ್ತಾನ? ಏ ತಮ್ಮಾ, ಹೊಡಿ ಗಾಡಿ! ಆ ಊರಾಗ ಇನ್ನೊಮ್ಮಿ ಬಣ್ಣ ಹಚ್ಚೂದಂದ್ರ ನನಗ ಇವತ್ತ ಒಂದ ದಿನ ಐತಿ."

ತಮ್ಮ ಎಂದರೆ ನಮ್ಮ ಡ್ರೈವರ್ ದಸ್ತಗೀರ. ಐವತ್ತು ದಾಟಿದ ತಮ್ಮ.

ಎರಡು ಗಂಟೆ. ನೂರು ಕಿಲೋಮೀಟರಿನ ಮೇಲೆ ಚಿಲ್ಲರೆ. ಲೆಕ್ಕದಲ್ಲಿ ಆಗುತ್ತದೆ. ಆದರೆ ಲೆಕ್ಕದಲ್ಲಿ ಕಲಬುರ್ಗಿಯ ರಿಂಗ್ ರೋಡು ಇರುವುದಿಲ್ಲ. ಊರು ದಾಟುವುದರಲ್ಲೇ ಐದೂಕಾಲು. ಆಗ ಬಂತು ಮಾಸ್ತರರ ಮೊದಲ ಫೋನ್.

"ಎಲ್ಲಿ ಬಂದ್ರಿ ಮೇಡಂ?"

ನಾವಿದ್ದದ್ದು ಫರಹತಾಬಾದಿನ ಹತ್ತಿರ, ಜೇವರ್ಗಿ ಇನ್ನೂ ಮುಂದೆ. ನನ್ನ ಬಾಯಲ್ಲಿ ಬಂದದ್ದು, "ಜೇವರ್ಗಿ ದಾಟೇವ್ರಿ!"

ಯಾಕೆ ಹಾಗಂದೆ? ನಾನು ಪಿಯು ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳುವವಳು. ವೇಗ, ದೂರ, ಕಾಲ, ಇದೇ ನನ್ನ ಅನ್ನ. ಆದರೂ ಅಂದೆ. ಯಾಕೆಂದರೆ ನಮ್ಮ ಕಡೆ ಫೋನಿನಲ್ಲಿ ಯಾರೂ ತಾವಿರುವ ಊರು ಹೇಳುವುದಿಲ್ಲ. ಮುಂದಿನ ಊರು ಹೇಳುತ್ತೇವೆ. ಆಲಮಟ್ಟಿಯ ಮೀನಿನ ಗಾಡಿ "ಬಾಗೇವಾಡಿ ದಾಟೇನ್ರಿ" ಅಂದರೆ ಇನ್ನೂ ಐಸ್ ತುಂಬುತ್ತಿದೆ ಎಂದು ಅರ್ಥ. ಮುದ್ದೇಬಿಹಾಳದ ಬೀಗರು "ನಿಮ್ಮ ಬಸ್‌ಸ್ಟ್ಯಾಂಡಿನ್ಯಾಗ ಇಳದೇವಿ" ಅಂದರೆ ಬೀಗತಿ ಇನ್ನೂ ಕನ್ನಡಿಯ ಮುಂದಿದ್ದಾರೆ. ತಾಂಬಾದಿಂದ ಇಂಡಿಗೆ ಹೊರಟವನಿಗೆ ಕೇಳಿ ನೋಡಿ. "ಇಲ್ಲೇ ಬಂದೆ, ಐದು ಮಿನಿಟ!" ಹಿಂದೆ ಅವನ ಮನೆಯ ಕುಕ್ಕರ್ ಕೂಗುವುದು ನಿಮಗೆ ಸ್ಪಷ್ಟವಾಗಿ ಕೇಳಿಸುತ್ತದೆ.

ಇದನ್ನು ನಾವು ಸುಳ್ಳು ಅನ್ನುವುದಿಲ್ಲ. ಕಾಯುವವರಿಗೆ ಸಮಾಧಾನ ಅನ್ನುತ್ತೇವೆ.

ಭೀಮಾ ಸೇತುವೆ ದಾಟಿ ಜೇವರ್ಗಿ ಮುಟ್ಟಿದಾಗ ಐದು ಐವತ್ತು. ಮತ್ತೆ ಫೋನ್. ಜೇವರ್ಗಿ ಎಂದು ಹೇಳುವ ಹಾಗಿಲ್ಲ. ಅದನ್ನು ಆಗಲೇ ದಾಟಿಬಿಟ್ಟಿದ್ದೇನೆ!

"ಮೋರಟಗಿ ದಾಟೇವ್ರಿ!"

ದಸ್ತಗೀರ ನನ್ನ ಕಡೆ ಒಂದು ಸಲ ನೋಡಿದ. ಮೋರಟಗಿ ಇನ್ನೂ ಬಹಳ ಮುಂದಿತ್ತು. "ಮಾತ ಕೊಟ್ಟೀರಿ. ಮುಟ್ಟಬೇಕಲ್ರಿ ಮೇಡಮ್ಮರ," ಎಂದು ಗೇರ್ ಬದಲಿಸಿದ. ಮುಳ್ಳು ತೊಂಬತ್ತಕ್ಕೆ ಹೋಯಿತು. ಯೋಚಿಸಿ ನೋಡಿ, ನಾವು ಓಡುತ್ತಿದ್ದದ್ದು ನಾಟಕದ ಹಿಂದೆ ಅಲ್ಲ. ನಾನು ಹೇಳಿದ ಮಾತು ನಮಗಿಂತ ಇಪ್ಪತ್ತು ಕಿಲೋಮೀಟರ್ ಮುಂದೆ ಓಡುತ್ತಿತ್ತು, ಅದನ್ನು ಹಿಡಿಯಲು ಓಡುತ್ತಿದ್ದೆವು.

ಹಿಂದಿನ ಸೀಟಿನಲ್ಲಿ ಸುನಂದಾಬಾಯಿ ಬಣ್ಣ ಶುರು ಮಾಡಿದ್ದರು. ಮೊಣಕಾಲ ಮೇಲೆ ಕನ್ನಡಿ, ತೊಡೆಯ ಮೇಲೆ ಡಬ್ಬಿ, ಬಾಯಲ್ಲಿ ಡೈಲಾಗು. "ಮಗನೇ, ಈ ತಾಯಿಯನ್ನು ದಾಟಿ ಹೋಗುವೆಯಾ..." ಎನ್ನುವುದು, ಗುಂಡಿ ಬಂದರೆ "ಏ, ನಿಧಾನಾ!" ಎನ್ನುವುದು, ಮತ್ತೆ "ದಾಟಿ ಹೋಗುವೆಯಾ..."

ಜೇವರ್ಗಿಯಿಂದ ಸಿಂದಗಿಗೆ ಸಂಜೆ ಹೊರಟರೆ ಸೂರ್ಯ ನೇರ ಕಣ್ಣಿಗೆ. ಮುಳುಗುವ ಹೊತ್ತು. ಗಾಜಿನ ತುಂಬ ಕೆಂಪು. ಆ ಕೆಂಪಿನಲ್ಲಿ ಒಂದು ಕಪ್ಪು ಚೌಕ ಕಂಡಿತು. ಅದು ಮರದ ನೆರಳು ಅಂದುಕೊಂಡೆ. ನೆರಳು ಬೇಗ ಬೇಗ ದೊಡ್ಡದಾಯಿತು.

"ಯಾ ಅಲ್ಲಾ!" ಎಂದ ದಸ್ತಗೀರ. ಟೈರು ಕಿರುಚಿದವು. ಮುಂದಿನದು ನಿಮಗೆ ಗೊತ್ತು.

ತೊಂಬತ್ತರ ವೇಗದ ಕಾರು ಬ್ರೇಕ್ ಹಾಕಿದ ಮೇಲೂ ಎಷ್ಟು ಮೀಟರ್ ಹೋಗುತ್ತದೆ ಎಂಬ ಲೆಕ್ಕವನ್ನು ನಾನು ಪ್ರತಿ ವರ್ಷ ಬೋರ್ಡಿನ ಮೇಲೆ ಬಿಡಿಸುತ್ತೇನೆ. ಹೊರಗೆ ಚಾಚಿದ ಕಬ್ಬು ಬಡಿದದ್ದು ಬಿಟ್ಟರೆ, ಅವತ್ತು ಟ್ರಾಲಿಗೂ ನಮಗೂ ನಡುವೆ ಉಳಿದದ್ದು ಒಂದು ಗೇಣು. ಆರು ದಿನಗಳಿಂದ ಆ ಗೇಣನ್ನೇ ಅಳೆಯುತ್ತಿದ್ದೇನೆ. ದಸ್ತಗೀರನ ಕಾಲು ಅರ್ಧ ಸೆಕೆಂಡ್ ತಡವಾಗಿದ್ದರೆ? ನಾನು "ಜೇವರ್ಗಿ" ಎಂದು ನಿಜ ಹೇಳಿದ್ದರೆ?

ಟ್ರಾಲಿಯ ಪಕ್ಕದಿಂದ ಒಬ್ಬ ಮುದುಕ ಎದ್ದು ಬಂದ. ಕೈಯಲ್ಲಿ ಅರ್ಧ ಸುಟ್ಟ ಬೀಡಿ.

"ಲೈಟ್ ಇಲ್ಲ, ಕಲ್ಲಿಲ್ಲ, ಒಂದು ಟೊಂಗಿ ಇಲ್ಲ! ನಟ್ಟನಡು ರಸ್ತಾದಾಗ ನಿಲ್ಲಿಸೀಯಲ್ಲೋ ಮಾರಾಯಾ!" ದಸ್ತಗೀರ ಕೂಗಿದ.

"ಗಾಲಿ ಪಂಚರ್ ಆಗೇತ್ರೀ. ಟ್ರ್ಯಾಕ್ಟರ್ ಮುಂದಿನ ಟ್ರಾಲಿ ಅಷ್ಟ ಒಯ್ದೈತಿ. ಪಂಚರ್ ತಗಿಯಾಂವ ಬರಾಕತ್ತಾನ."

"ಎಷ್ಟೊತ್ತಾತು ನಿಂತು?"

"ಮೂರಕ್ಕ ನಿಂತದ್ರಿ."

"ಮೂರಕ್ಕ! ಕಲ್ಲರೆ ಇಡಬಾರದ?"

ಮುದುಕ ಬಹಳ ಪ್ರಾಮಾಣಿಕವಾಗಿ ಹೇಳಿದ. "ಪಂಚರಿನಾಂವ ಫೋನಿನ್ಯಾಗ ಇಲ್ಲೇ ಬಂದೆ, ಐದು ಮಿನಿಟ ಅಂದ್ನಲ್ರಿ. ಐದು ಮಿನಿಟಿಗೆ ಏನ್ ಕಲ್ಲು ಇಡೂದು ಅಂತ ಸುಮ್ಮ ಕುಂತೆ. ಆಮ್ಯಾಗ ಕೇಳಿದಾಗೆಲ್ಲ ಐದ ಮಿನಿಟ ಅಂದ."

ದಸ್ತಗೀರ ಬೈಯಲು ಬಾಯಿ ತೆರೆದವನು ನನ್ನ ಮುಖ ನೋಡಿ ಮುಚ್ಚಿದ. ನಾನು ಬೇರೆ ಕಡೆ ನೋಡಿದೆ.

ಹಾಗೆಯೇ ಬಿಟ್ಟು ಹೋದರೆ ನಮ್ಮ ಹಿಂದೆ ಬರುವವರ ಗತಿ? ದಸ್ತಗೀರನೂ ಮುದುಕನೂ ಕಲ್ಲು ಹೊತ್ತರು. ನಾನು ಜಾಲಿಯ ಟೊಂಗೆ ಎಳೆದು ತಂದೆ, ಕೈಯೆಲ್ಲ ಮುಳ್ಳು. ಸುನಂದಾಬಾಯಿ ಡಿಕ್ಕಿಯಿಂದ ಚಮಕಿ ಹೊಲಿದ ಕೆಂಪು ಸೀರೆ ತೆಗೆದರು.

"ಅಕ್ಕಾರ, ಅದು ನಾಟಕದ್ದು!" ಎಂದೆ.

"ಹೌದು. ಎರಡನೇ ಅಂಕದ್ದು. ಇವತ್ತ ಇಲ್ಲೇ ಮಾಡಲಿ ಅದರ ಪಾರ್ಟ," ಎಂದು ಟ್ರಾಲಿಯ ಹಿಂದೆ ಕಬ್ಬಿಗೆ ಬಿಗಿದು ಕಟ್ಟಿದರು. ಅಷ್ಟರಲ್ಲಿ ಬಂದ ಲಾರಿಯ ಲೈಟಿಗೆ ಸೀರೆ ಇಡೀ ಜಗ್ಗನೆ ಹೊತ್ತಿಕೊಂಡಂತೆ ಹೊಳೆಯಿತು. ಲಾರಿ ದೂರದಿಂದಲೇ ನಿಧಾನವಾಯಿತು. ಯಾವ ಥಿಯೇಟರಿನಲ್ಲೂ ಆ ಸೀರೆಗೆ ಇಷ್ಟು ಒಳ್ಳೆಯ ಎಂಟ್ರಿ ಸಿಕ್ಕಿರಲಿಕ್ಕಿಲ್ಲ.

ಆರೂವರೆ ಆಗಿತ್ತು. ಮಾಸ್ತರರ ಫೋನ್ ಬಂತು. ಸುನಂದಾಬಾಯಿ ನನ್ನ ಕೈಯಿಂದ ಕಸಿದುಕೊಂಡು ಸ್ಪೀಕರಿಗೆ ಹಾಕಿದರು.

"ಮಾಸ್ತರ, ಮೋರಟಗಿ ಇನ್ನೂ ಬಂದಿಲ್ರಿ. ಸಾಯೂದು ಸ್ವಲ್ಪದಾಗ ತಪ್ಪೇತಿ. ಇನ್ನ ನಿಧಾನ ಬರ್ತೇವಿ. ಬೇಕಾದ್ರ ಸಂಗಣ್ಣ ಮಾಡ್ಲಿ."

ಕೊನೆಯ ಮಾತಿಗೆ ಆಕೆಯ ದನಿ ಸ್ವಲ್ಪ ಒಡೆಯಿತು.

"ಅಯ್ಯ, ಗಡಿಬಿಡಿ ಮಾಡಬ್ಯಾಡ್ರಿ ಅಕ್ಕಾರ! ಪರದೆ ಏಳೂದು ಏಳೂವರಿಗೆ."

"ಆರೂವರಿ ಅಂದಿದ್ರಿ?" ನಾನು ಕಿರುಚಿದೆ.

"ಏಳೂವರಿ ಅಂದಿದ್ರ ನೀವು ಒಂಬತ್ತಕ್ಕ ಬರ್ತಿದ್ರಿ, ಮೇಡಂ. ಅದಕ್ಕ ಒಂದು ತಾಸು ಮೊದಲ ಹೇಳಿದ್ದೆ. ನೀವು ಮೋರಟಗಿ ದಾಟೇವಿ ಅಂದಾಗನ ಜೇವರ್ಗಿಯಾಗ ಇರಬೇಕು ಅಂತ ತಿಳ್ಕೊಂಡೆ. ತಪ್ಪೇನು?"

ತಪ್ಪೇನು! ಅವರು ನನ್ನನ್ನು ನಂಬಿರಲಿಲ್ಲ. ಅವರನ್ನು ನಂಬಿದ ಮೂರ್ಖಳು ನಾನೊಬ್ಬಳೇ.

ಏಳು ಇಪ್ಪತ್ತಕ್ಕೆ ಸಿಂದಗಿ. ಜನ ಆಗತಾನೆ ಬಂದು ಕುರ್ಚಿ ಹಿಡಿಯುತ್ತಿದ್ದರು. ಸಂಗಣ್ಣ ಪರದೆಯ ಹಿಂದೆ ಸೀರೆ, ಬಳೆ, ತುರುಬು ಸಮೇತ ನಿಂತಿದ್ದ. ಸುನಂದಾಬಾಯಿ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಅವರ ಕಿವಿಯ ತನಕದ ಕಾಡಿಗೆಯನ್ನು ಅವನೂ ನೋಡಿದ.

"ಸೀರಿ ಚಲೋ ಐತಿ," ಎಂದರು. "ಬಿಚ್ಚು."

ಪಾಪ, ಬಿಚ್ಚಿ ಕೊಟ್ಟ. ಆಕೆಗೆ ನೆರಿಗೆ ಹಿಡಿದು ಪಿನ್ನು ಹಾಕಿದವನೂ ಅವನೇ. ಎರಡನೇ ಅಂಕದಲ್ಲಿ ಆಕೆ "ಈ ತಾಯಿಯನ್ನು ದಾಟಿ ಹೋಗುವೆಯಾ" ಎಂದು ರಂಗದ ಮಧ್ಯೆ ಕೈ ಅಡ್ಡ ಹಿಡಿದು ನಿಂತಾಗ ಇಡೀ ಮೈದಾನಕ್ಕೆ ತಾಯಿ ಕಂಡಳು. ನನಗೆ ಮಾತ್ರ ಟ್ರಾಲಿ ಕಂಡಿತು. ವಿಂಗ್‌ನಲ್ಲಿ ಬನಿಯನ್, ಲುಂಗಿಯಲ್ಲಿ ನಿಂತಿದ್ದ ಸಂಗಣ್ಣ ಕಣ್ಣೊರೆಸಿಕೊಳ್ಳುತ್ತಿದ್ದ.

ಇನ್ನು ಮೇಲೆ ಫೋನಿನಲ್ಲಿ ಇದ್ದ ಊರನ್ನೇ ಹೇಳಬೇಕು ಎಂದು ಆ ರಾತ್ರಿಯೇ ನಾನೂ ದಸ್ತಗೀರನೂ ಆಣೆ ಮಾಡಿದೆವು.

ಮರುದಿನ ಸುನಂದಾಬಾಯಿಯನ್ನು ವಿಮಾನಕ್ಕೆ ಬಿಡಬೇಕಿತ್ತು. ಬೆಳಿಗ್ಗೆ ಏಳಕ್ಕೆ ಕಾರು. ಏಳೂಕಾಲಾದರೂ ಸುಳಿವಿಲ್ಲ. ಫೋನ್ ಮಾಡಿದೆ.

"ಎಲ್ಲಿ ಅದೀ, ದಸ್ತಗೀರ?"

"ಮನ್ಯಾಗ ಅದೀನ್ರಿ. ಗಾಜ ಒಡದ ಗಾಡಿ ಬ್ಯಾಡಂತ ಅಳಿಯನ ಗಾಡಿ ಕೇಳೇನಿ. ಅಂವ ಇನ್ನೂ ಎದ್ದಿಲ್ಲ. ನಂದೂ ಜಳಕ ಆಗಿಲ್ಲ."

ನನಗೆ ಬಂದ ಸಿಟ್ಟು! "ಹಿಂಗ ಹೇಳಾಕ ನಾಚಿಕಿ ಬರೂದಿಲ್ಲೇನೋ ನಿನಗ?" ಎಂದು ಓಣಿಗೆಲ್ಲ ಕೇಳುವ ಹಾಗೆ ಬೈದೆ.

ಆತ ಶಾಂತವಾಗಿ ಕೇಳಿದ: "ಹಂಗಾರ ಏನ್ ಹೇಳ್ಲಿರಿ, ಮೇಡಮ್ಮರ? ನಿಮ್ಮ ಓಣಿಗೆ ಬಂದೇನಿ ಅನ್ಲ್ಯಾ?"

"ಅನ್ನು" ಎಂಬ ಮಾತು ನನ್ನ ನಾಲಿಗೆಯ ತುದಿಗೆ ಬಂದಿತ್ತು.