ನಾನು ಬಿಷಪ್ ಆದ ಸಂಜೆ

ಆಗೆಲ್ಲ ಸಂಕೇಶ್ವರದ ಕಾರ್ಖಾನೆ ಕಬ್ಬು ನುರಿಸಲು ಶುರು ಮಾಡಿತೆಂದರೆ ನಮ್ಮೂರಿಗೂ ಕಾಕಂಬಿಯ ವಾಸನೆ ಬರುತ್ತಿತ್ತು. ನಮಗದು ಕ್ರಿಸ್‌ಮಸ್ ವಾಸನೆ. ಊರಲ್ಲಿ ನಮ್ಮ ಕ್ರೈಸ್ತರ ಮನೆಗಳು ಬೆರಳೆಣಿಕೆಯಷ್ಟು. ಆದರೆ ಚರ್ಚಿನ ಅಂಗಳದ ನಾಟಕಕ್ಕೆ ಇಡೀ ಓಣಿ ಚಾಪೆ ಹಿಡಿದು ಬರುತ್ತಿತ್ತು.

ಆ ವರ್ಷ ಅಪ್ಪನ ತಾಯಿ, ನಮ್ಮ ಆಯಿ, ದೂರದೇಶದ ಒಬ್ಬ ಬಿಷಪ್ಪನ ಕಥೆಯನ್ನು ನಾಟಕ ಆಡಿಸಿದಳು. ಕುರಿ ಕಾಯುವವರ ಮನೆಯಲ್ಲಿ ಹುಟ್ಟಿದವ. ಪ್ರಾರ್ಥನೆ ಮಾಡಕೂಡದೆಂದು ರಾಜ ಡಂಗುರ ಹೊಡೆಸಿದ ಮೇಲೂ ದನದ ಕೊಟ್ಟಿಗೆಗಳಲ್ಲಿ ಜನರನ್ನು ಕೂಡಿಸಿ ಪೂಜೆ ನಡೆಸಿದ. ಪಾರಾಗಲು ದೋಣಿ ಸಿಕ್ಕರೂ ಹತ್ತಲಿಲ್ಲ. ಹಿಡಿದು, ನಿನ್ನ ದೇವರನ್ನು ಬಿಟ್ಟೆನೆಂದು ಹೇಳು ಅಂದರು. ಹೇಳಲಿಲ್ಲ, ತಲೆ ಕೊಟ್ಟ.

ನಾಟಕ ಬೇಡವೆಂದು ಸಂತೆಯಲ್ಲಿ ಯಾರೋ ಬೆದರಿಸಿದ್ದಕ್ಕೆ, ಬಿಷಪ್ ಆಗಬೇಕಿದ್ದ ಹುಡುಗನನ್ನು ಅವರಪ್ಪ ಗೋಕಾಕಿಗೆ ಸಾಗಿಸಿಬಿಟ್ಟ. ನಾನು ಮಾಡುತ್ತೇನೆ ಅಂದೆ.

"ಹುಡುಗಿ ಬಿಷಪ್ ಆಗತಾಳೇನು?" ಫಾದರ್ ನಕ್ಕರು.

"ತಲಿ ಕೊಡಾಕ ಗಂಡಸೇ ಆಗಬೇಕೇನ್ರಿ ಫಾದರ್?" ಅಂದಳು ಆಯಿ.

ಬಾಜೂ ಮನೆಯ ಟೇಲರ್ ದಸ್ತಗೀರ್ ಕಾಕಾ ಆಯಿಯ ಹಳೇ ಇಳಕಲ್ ಸೀರೆಯಲ್ಲೇ ನಿಲುವಂಗಿ ಹೊಲಿದುಕೊಟ್ಟ.

ಸಂಜೆ ರಾಜನ ದರ್ಬಾರು ನಡೆದಿತ್ತು. ಮೋಟರ್‌ಸೈಕಲ್ಲಿನ ಮೇಲೆ ಬಂದ ಗಂಡಸರು ಪರದೆ ಹರಿದರು. "ಬಂದ್ ಮಾಡ್ರಿ!" ರಾಜನಾಗಿದ್ದ ನನ್ನ ಅಣ್ಣ ಕತ್ತಿ ಬಿಸಾಕಿ ಓಡಿದ. ಫಾದರ್ ಕೈ ಮುಗಿದು, "ಸಾಕು, ಎಲ್ಲಾರೂ ಮನಿಗಿ ನಡೀರಿ" ಅಂದರು.

ನಾನು ಕಟ್ಟೆಯ ಮೇಲೇ ನಿಂತೆ. ಕಲಿತ ಮಾತನ್ನೇ ಕೂಗಿದೆ: "ತಲಿ ತಗೋರಿ! ಬಿಟ್ಟೇನಿ ಅನ್ನೂ ಮಾತು ನನ್ನ ಬಾಯಾಗಿಂದ ಬರೂದಿಲ್ಲ!"

"ಏ ಹುಡುಗಿ, ಇಳಿ ಕೆಳಗ!" ಅವರಲ್ಲೊಬ್ಬ ಗದರಿದ.

"ನಾಟಕ ಮುಗದಿಲ್ರಿ."

ಆಯಿ ಸೆರಗು ಸೊಂಟಕ್ಕೆ ಸಿಕ್ಕಿಸಿ ಕಟ್ಟೆ ಹತ್ತಿದಳು, ರಾಜನ ಕುರ್ಚಿಯಲ್ಲಿ ಕೂತಳು. "ರಾಜಾ ಓಡಿದ್ರ ನಾ ಅದೇನಿ. ನೀವೂ ಕುಂದರ್ರಿ."

ಅಂಗಳದಲ್ಲಿ ಯಾರೋ ಕಿಸಕ್ಕನೆ ನಕ್ಕರು. ಒಬ್ಬರೂ ಏಳಲಿಲ್ಲ. ದಸ್ತಗೀರ್ ಕಾಕಾ ಸರಿದು ಕೂತು, "ಬರ್ರಿ, ಇಲ್ಲಿ ಜಾಗಾ ಐತಿ" ಅಂದ. ಬಂದವರು ಮೈಕಿನ ವಾಯರ್ ಕಿತ್ತು, ಬೈಯುತ್ತ ಹೋದರು. ಮೈಕಿಲ್ಲದೆ ಮುಂದುವರಿಸಿದೆವು. ಆಯಿಯ ಕಟ್ಟಿಗೆಯ ಕತ್ತಿಗೆ ನಾನು ಸತ್ತಾಗ ಓಣಿಯ ಹೆಂಗಸರು ಖರೇನೇ ಅತ್ತರು.

ಮರುವರ್ಷ ಅಂಗಳಕ್ಕೆ ಗೋಡೆ ಎದ್ದಿತು, ಆಮೇಲೆ ಗೇಟು, ಬೀಗ. ಈಗ ನಾಟಕ ಬಾಗಿಲು ಮುಚ್ಚಿದ ಚರ್ಚಿನ ಹಾಲ್‌ನೊಳಗೆ. ನೋಡುವವರು ನಾವು ನಾವೇ. ಓಣಿಯ ಈಗಿನ ಮಕ್ಕಳಿಗೆ ಇಲ್ಲೊಂದು ನಾಟಕ ಆಗುತ್ತದೆಂದೇ ಗೊತ್ತಿಲ್ಲ. ಹೋದ ಕ್ರಿಸ್‌ಮಸ್‌ಗೆ ನನ್ನ ಮಗಳು ನಾಟಕದಲ್ಲಿ ತನ್ನ ಮಾತು ಶುರು ಮಾಡಿದಾಗ ಯಾರೋ "ಮೆಲ್ಲಕ, ಹೊರಗ ಕೇಳತೈತಿ" ಅಂದರು.

ನಾನೆದ್ದು ಕಿಟಕಿ ತೆರೆದೆ. "ಜೋರಾಗಿ ಅನ್ನವ್ವಾ."