ಹುರುಳಿ ಅಕ್ಕನ ಅತ್ತೆ

ಉಡುಪಿನ ಕಾರ್ಖಾನೆ ಬಾಗಿಲು ಹಾಕಿದ ಮೇಲೆ ಮಂಕಾಗಿ ಕೂತಿದ್ದ ಸೊಸೆಯನ್ನು ಮತ್ತೆ ಕೆಲಸಕ್ಕೆ ಹೊರಡಿಸಿದವಳು ಅತ್ತೆಯೇ. ಸಂಶೋಧನಾಲಯದಲ್ಲಿ ಹುರುಳಿ ಅರೆಯಲು ಜನ ಬೇಕೆಂದು ಕಿವಿಗೆ ಬಿದ್ದದ್ದೇ ತಡ, "ಮಗೂನ ನಾನು ನೋಡ್ಕೋತೀನಿ, ನೀನು ಹೋಗು," ಎಂದಳು.

ಗಂಡ ನಕ್ಕ. "ಕುದುರೆಯೇ ಇಲ್ಲದ ಊರಲ್ಲಿ ಹುರುಳಿ ಅರೆಯೋ ಕೆಲಸ!"

"ನಿನ್ನ ಮಾತಲ್ಲಂತೂ ಹುರುಳಿಲ್ಲ, ಅವಳ ಕೈಯಲ್ಲಾದ್ರೂ ಇರಲಿ ಬಿಡು," ಎಂದು ಅತ್ತೆ ಮಗನ ಬಾಯಿ ಮುಚ್ಚಿಸಿದಳು.

ಹುರುಳಿಯನ್ನು ಪುಡಿ ಮಾಡಿ, ಉಪ್ಪುನೀರಲ್ಲಿ ನೆನೆಸಿ, ತಣ್ಣನೆಯ ಕೋಣೆಯಲ್ಲಿ ಸೋಸಿ, ಆ ತಿಳಿಯನ್ನು ಸಕ್ಕರೆ ಅಂಟಿಸಿದ ಮಣಿಗಳಿರುವ ಗಾಜಿನ ಕೊಳವೆಗೆ ಸುರಿಯಬೇಕು. ಬೇಡದ್ದೆಲ್ಲ ಹರಿದುಹೋಗುತ್ತದೆ; ಲೆಕ್ಟಿನ್ ಎಂಬ ಪ್ರೋಟೀನು ಮಾತ್ರ ತನಗೆ ಒಗ್ಗಿದ ಸಕ್ಕರೆಯನ್ನು ಉಡದ ಹಾಗೆ ಬಿಗಿಯಾಗಿ ಹಿಡಿದುಕೊಳ್ಳುತ್ತದೆ. ಅದೇ ಸಕ್ಕರೆಯ ನೀರು ಬಿಟ್ಟರೆ ಮಣಿಯ ಕೈಬಿಟ್ಟು ಕೆಳಗಿಳಿಯುತ್ತದೆ. ಜೀವಕೋಶಗಳ ಮೈಮೇಲೆ ಎಂಥ ಸಕ್ಕರೆಗಳಿವೆ ಎಂದು ಪತ್ತೆ ಹಚ್ಚಲು ಅಲ್ಲಿಯವರಿಗೆ ಅದು ಬೇಕು. ಮುಖ್ಯಸ್ಥೆ ಮೇಡಂ ಪಕ್ಕದಲ್ಲೇ ನಿಂತು ಕಲಿಸಿದರು. ಕೊಳವೆ ಒಣಗಿಸಿ ಹಾಳುಮಾಡಿದ ದಿನವೂ ಗದರಲಿಲ್ಲ. ಎಲ್ಲರ ಬಾಯಲ್ಲಿ ಅವಳು ಹುರುಳಿ ಅಕ್ಕನಾದಳು. ಗೇಟಿನ ಕಾವಲುಗಾರನೊಬ್ಬ ಮಾತ್ರ ದಿನವೂ ಸಿಡಿಮಿಡಿ ಎನ್ನುತ್ತ ಅವಳ ಚೀಲ ತಡಕುತ್ತಿದ್ದ.

ಒಂದು ದಿನ ಅತ್ತೆ ಬಚ್ಚಲಲ್ಲಿ ಜಾರಿಬಿದ್ದು ಸೊಂಟದ ಮೂಳೆ ಮುರಿದುಕೊಂಡಳು. ಶಸ್ತ್ರಚಿಕಿತ್ಸೆಗೆ ರಕ್ತ ಬೇಕಿತ್ತು. ಅವಳದು ಎ ಗುಂಪು. ಆದರೆ ಎ ಗುಂಪಿನ ಯಾವ ಬಾಟಲಿಯೂ ಹೊಂದಲಿಲ್ಲ. ಬೆರೆಸಿದೊಡನೆ ಗರಣೆಗಟ್ಟುತ್ತಿತ್ತು. ಓ ಗುಂಪಿನ ರಕ್ತ ಮುಗಿದಿತ್ತು.

"ಎ ಗುಂಪಲ್ಲೇ ಎರಡು ಬಗೆ ಇದೆಯಮ್ಮ," ಎಂದರು ರಕ್ತನಿಧಿಯ ಡಾಕ್ಟರು. "ನಿಮ್ಮತ್ತೇದು ಅಪರೂಪದ್ದಿರಬೇಕು. ಬಗೆ ತಿಳಿಯೋಕೆ ಹುರುಳಿ ಲೆಕ್ಟಿನ್ ಬೇಕು. ಅದನ್ನ ಹನಿಸಿದ್ರೆ ಸಾಮಾನ್ಯ ಬಗೆ ಗಂಟುಕಟ್ಟುತ್ತೆ, ಅಪರೂಪದ್ದು ಕಟ್ಟಲ್ಲ. ನಮ್ಮಲ್ಲಿ ಖಾಲಿಯಾಗಿದೆ."

ಹುರುಳಿ ಅಕ್ಕನಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಫೋನ್ ಹೋದದ್ದೇ ಮೇಡಂ ಆ ವಾರ ಅವಳೇ ತೆಗೆದಿಟ್ಟಿದ್ದ ಲೆಕ್ಟಿನ್ನನ್ನು ಮಂಜುಗಡ್ಡೆಯಲ್ಲಿಟ್ಟುಕೊಂಡು ಬಂದರು. ಹಿಂದೆಯೇ ಸಂಶೋಧನಾಲಯದ ಎ ಗುಂಪಿನವರೆಲ್ಲ ಬಂದರು. ಡಾಕ್ಟರು ಮೊದಲು ಬಗೆ ಗೊತ್ತಿದ್ದ ರಕ್ತದಲ್ಲಿ ಅದನ್ನು ಪರೀಕ್ಷಿಸಿ ನೋಡಿದರು. ಬಳಿಕ ಅತ್ತೆಯ ರಕ್ತಕ್ಕೆ ಹನಿಸಿದರು. ಅದು ಗಂಟುಕಟ್ಟಲಿಲ್ಲ, ಊಹೆ ನಿಜವಾಯಿತು. ಆದರೆ ಬಂದವರದು ಒಬ್ಬೊಬ್ಬರದೂ ಗಂಟುಕಟ್ಟಿತು. ಕೊನೆಗೆ ಎಲ್ಲರ ಹಿಂದೆ ಟೋಪಿ ಹಿಡಿದು ನಿಂತಿದ್ದ ಕಾವಲುಗಾರನ ಸರದಿ. ಹನಿ ಹಾಗೇ ನುಣ್ಣಗೆ ಉಳಿಯಿತು. ಅತ್ತೆಯ ರಕ್ತಕ್ಕೂ ಹೊಂದಿತು.

"ತಗೊಳ್ಳಿ ಸ್ವಾಮಿ, ಬೇಕಾದಷ್ಟು ತಗೊಳ್ಳಿ," ಎಂದು ಅವನು ತೋಳು ಚಾಚಿದ. ಬೇರೆ ರಕ್ತನಿಧಿಯಿಂದ ಇನ್ನೊಂದು ಬಾಟಲಿಯೂ ಸಿಕ್ಕಿತು. ಅತ್ತೆ ಬದುಕಿದಳು.

ನಡೆಯಲು ಬಂದ ಮೇಲೆ ಅವಳು ಹಠ ಹಿಡಿದು ಗೇಟಿನವರೆಗೆ ಬಂದಳು. ಕಾವಲುಗಾರ ಗಡಬಡಿಸಿ ತನ್ನ ಕುರ್ಚಿ ಒರೆಸಿಕೊಟ್ಟ.

"ಈಗೀಗ ನಂಗೂ ಸಿಟ್ಟು ಜಾಸ್ತಿ ಬರ್ತಿದೆ ಕಣಪ್ಪಾ," ಎಂದಳು ಅತ್ತೆ, "ನಿನ್ನ ರಕ್ತದ್ದೇ ಗುಣ ಇರಬೇಕು."

ಅವನು ನಕ್ಕದ್ದನ್ನು ಹುರುಳಿ ಅಕ್ಕ ನೋಡಿದ್ದು ಅದೇ ಮೊದಲು. ಅತ್ತೆ ಅವನ ತಲೆಯ ಮೇಲೆ ಕೈಯಿಟ್ಟು, "ನೂರ್ಕಾಲ ಬಾಳು ಮಗನೇ," ಎಂದಾಗ ಅವನ ಕಣ್ಣು ತುಂಬಿತು. ಹುರುಳಿ ಅಕ್ಕ ಅವನೆದುರು ಕೈಮುಗಿದು ನಿಂತಳು.